ಮ್ಮ ಎಲ್ಲಿ ಹೋಯ್ತು?

"ಚಾಮರಾಜಪೇಟೆ ಆಫೀಸು ಖಾಲಿ ಮಾಡ್ತಿದ್ದೀವಿ, ನಿಮ್ಮದೇನಾದ್ರೂ ಇದ್ರೆ ಬಂದು ತಗೊಂಡ್ಹೋಗಿ" ಎಂದು ಯಜಮಾನರ ಮಗ ಫೋನು ಮಾಡಿದ್ದರು. ಅಲ್ಲಿ ಕೆಲಸ ಬಿಟ್ಟು ಹದಿನಾಲ್ಕು ವರ್ಷದ ಮೇಲಾಗಿದೆ. ನನ್ನದು ಎನ್ನುವಂಥದ್ದು ಏನೂ ಉಳಿದಿರಲಾರದು ಎಂದು ಗೊತ್ತಿದ್ದೂ ಹೋದೆ. ಮೆಟ್ಟಿಲಿನ ಕೈಪಿಡಿ ಈಗಲೂ ಅಲ್ಲಾಡುತ್ತಿತ್ತು. ಒಳಗೆ ಸತ್ತ ಯು.ಪಿ.ಎಸ್., ಹಲ್ಲುದುರಿದ ಕೀಬೋರ್ಡುಗಳು, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಸಿ.ಡಿ.ಗಳು. ಒಂದರ ಮೇಲೆ ಮಾರ್ಕರಿನಲ್ಲಿ ನನ್ನದೇ ಅಕ್ಷರ: "ಸದಸ್ಯರ ಪಟ್ಟಿ, ಫೈನಲ್ 3". ಅದನ್ನು ಜೇಬಿಗೆ ಹಾಕಿಕೊಂಡು ಬಂದೆ.

ಸಿ.ಡಿ. ಓದುವ ಡ್ರೈವು ಈಗ ಯಾರ ಮನೆಯಲ್ಲಿದೆ? ಎಂಜಿನಿಯರಿಂಗ್ ಓದುತ್ತಿರುವ ಮಗಳು ಎಲ್ಲಿಂದಲೋ ಒಂದನ್ನು ತಂದಳು. ಅಪ್ಪ ಹಿಂದೆ ಬರೆದ ಪ್ರೋಗ್ರಾಮು ಹೇಗಿರುತ್ತದೆ ಎಂಬ ಕುತೂಹಲ ಅವಳಿಗೆ. ತೆರೆದು ಓಡಿಸಿದಳು. ಪ್ರಿಂಟ್ ಪದದ ಮುಂದೆ ಕಂಸ ಇಲ್ಲ ಎಂದು ಪ್ರೋಗ್ರಾಮಿನ ಭಾಷೆಯಾದ ಪೈಥಾನ್ ಬೈದಿತು. ಅವಳು ನಕ್ಕು, ಕಂಸ ಹಾಕಿ, ಮುಂದಕ್ಕೆ ಹೋದಳು.

"ಅಪ್ಪಾ, ಎಲ್ಲ ಕಡೆ ಕೋಟ್ ಮುಂದೆ ಒಂದು ಯು ಹಾಕಿದ್ದೀಯಲ್ಲ, ಇದೇನು? ತೆಗೆದ್ರೂ ಓಡುತ್ತೆ, ಇಟ್ರೂ ಓಡುತ್ತೆ."

ಅವಳಿಗೆ ಉತ್ತರ ಹೇಳಲು ಬಾಗಿದವನ ಕಣ್ಣು ಎರಡು ಸಾಲು ಕೆಳಗೆ ನಿಂತಿತು. ಅಲ್ಲಿ ನಾನೇ ಬರೆದಿದ್ದ ಒಂದು ಪದವಿತ್ತು: 'ಇಗ್ನೋರ್'. ಅದರ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಟಿಪ್ಪಣಿ: "ನಾಳೆ ನೋಡೋಣ".

ಆ ನಾಳೆ ಬರಲೇ ಇಲ್ಲ.

2009ರ ಕೊನೆಯ ತಿಂಗಳುಗಳು. ಐದು ಜನರ ಆಫೀಸು ಅದು. ಕೆಳಗೆ ಬೈಂಡಿಂಗ್ ಅಂಗಡಿ; ಮೈದಾ ಗೋಂದಿನ ಹುಳಿ ವಾಸನೆ ಮೆಟ್ಟಿಲೇರಿ ನಮ್ಮ ಟಿಫಿನ್ ಡಬ್ಬಿಗೂ ಬರುತ್ತಿತ್ತು. ಮದುವೆ ಪತ್ರಿಕೆಯಿಂದ ಹಿಡಿದು ಸಂಘಸಂಸ್ಥೆಗಳ ವರದಿಯವರೆಗೆ ಏನು ಬಂದರೂ ಯಜಮಾನರು ಒಪ್ಪಿಕೊಳ್ಳುತ್ತಿದ್ದರು. ಹಾಗೆ ಒಪ್ಪಿಕೊಂಡದ್ದೇ ಮಂಡ್ಯದ ಕಡೆಯ ಒಂದು ಸಹಕಾರ ಸಂಘದ ಕೆಲಸ. ನಾಲ್ಕು ಸಾವಿರ ಚಿಲ್ಲರೆ ಸದಸ್ಯರು. ಅವರ ಪಟ್ಟಿಯನ್ನು ಯುನಿಕೋಡಿಗೆ ತಂದು, ಅದರಿಂದ ಗುರುತಿನ ಚೀಟಿ ಅಚ್ಚು ಹಾಕಿ ಕೊಡಬೇಕು. ನಮ್ಮಲ್ಲೇ ಟೈಪು ಮಾಡಿದ್ದ ಪಟ್ಟಿ ಇದ್ದದ್ದು ನುಡಿ ಫಾಂಟಿನಲ್ಲಿ.

ಇದನ್ನು ಈಗಿನ ಹುಡುಗರಿಗೆ ವಿವರಿಸುವುದು ಕಷ್ಟ. ಬರಹ, ನುಡಿಯಂಥ ತಂತ್ರಾಂಶಗಳಿಂದ ಕನ್ನಡ ಕಂಪ್ಯೂಟರಿನಲ್ಲಿ ಕಾಣಿಸಿತು, ಅಚ್ಚಾಯಿತು, ಅದಕ್ಕಾಗಿ ಅವುಗಳನ್ನು ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರ್ ಮಾತ್ರ ಕನ್ನಡವನ್ನು ಕನ್ನಡ ಎಂದು ತಿಳಿದಿರಲಿಲ್ಲ. ಅದರ ಒಳಗೆ ಇದ್ದದ್ದು ಯುರೋಪಿನ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಆಕಾರದ ಮುಖವಾಡ. ಫಾಂಟು ಕಳಚಿದರೆ 'ಕನ್ನಡ' ಎಂಬ ಪದ ಹೀಗೆ ಕಾಣುತ್ತಿತ್ತು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೆರೆಯ ಎ, ಜರ್ಮನ್ನರು ಎರಡು ಎಸ್ ಬದಲು ಬರೆಯುವ ಅಕ್ಷರ, ಒಂದು ಕ್ಯೂ, ಕೊನೆಗೆ ಮತ್ತೊಂದು ಗೆರೆಯ ಎ.

ನನಗೆ ಇದು ಕಸ. ನಮ್ಮ ಆಫೀಸಿನ ಡಿ.ಟಿ.ಪಿ. ಅಕ್ಕನಿಗೆ ಅಲ್ಲ. ಆಕೆಗೆ ಆಗ ನಲವತ್ತೈದು ದಾಟಿತ್ತು. ಹುಡುಗಿಯಾಗಿದ್ದಾಗ ಅದೇ ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು. ಪ್ರೆಸ್ಸು ಮುಚ್ಚಿದ ಮೇಲೆ ಕೀಬೋರ್ಡಿಗೆ ಬಂದರು. ಫಾಂಟು ಕಳಚಿಹೋದ ಕಡತವನ್ನು ಅವರು ನೇರವಾಗಿ ಓದುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕನ್ನಡಕವನ್ನು ಹಣೆಗೆ ಏರಿಸಿ, ಪರದೆಗೆ ಮುಖ ಒಡ್ಡಿ, ಆ ಗೆರೆ ಚುಕ್ಕಿಗಳ ಸಾಲನ್ನು "ಶ್ರೀಮತಿ ಸಣ್ಣಮ್ಮ ಕೋಂ ಲೇಟ್ ಕರೀಗೌಡ" ಎಂದು ಗಡಗಡ ಓದಿಬಿಟ್ಟರು.

"ಇದ್ರಲ್ಲೇನಿದೆ ಕಣಪ್ಪ? ಮೊಳೆ ತಿರುಗಾ ಮುರುಗಾ ಇರ್ತಿತ್ತು, ಅದನ್ನೇ ಓದ್ತಿದ್ವಿ. ಇದು ನೆಟ್ಟಗಾದ್ರೂ ಇದೆ."

ಪರಿವರ್ತನೆಯ ಕೋಷ್ಟಕವನ್ನು ಕಟ್ಟಿದ್ದು ಅವರೇ ಎನ್ನಬೇಕು. ನಾನು ಟೈಪು ಮಾಡಿದೆ, ಅಷ್ಟೆ. ಆ ಫಾಂಟಿನಲ್ಲಿ ಮ ಎಂಬ ಅಕ್ಷರವೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಅವರಿಂದ. ವ ಅಕ್ಷರಕ್ಕೆ ತಲೆಕಟ್ಟು ಕೊಟ್ಟು, ಕೊಂಬು ಅಂಟಿಸಿದರೆ ಮ. ಹಾಗಾದರೆ ವು ಎಲ್ಲಿಂದ ಬರಬೇಕು? ಅದಕ್ಕೆ ಬೇರೆಯೇ ಒಂದು ಕೊಂಬು. ಯ ಇನ್ನೂ ಚೆಂದ: ಮೊದಲು ಸೊನ್ನೆ, ಆಮೇಲೆ ಒಂದು ಗೀಟು, ತಲೆಕಟ್ಟು, ಕೊಂಬು. ಹಾಳೆಯ ಮೇಲೆ ಯ ಬರೆದು ನೋಡಿ, ಎಡಗಡೆ ಸೊನ್ನೆ ಕಾಣುತ್ತದೆ. ಆಕಾರ ಬಲ್ಲವರು ಮಾಡಿದ ಕೆಲಸ ಅದು. ಆದರೆ ಕಡತದಲ್ಲಿ ವ ಹುಡುಕಿದರೆ ಮ ಸಿಗುತ್ತಿತ್ತು, ಸೊನ್ನೆ ಹುಡುಕಿದರೆ ಯ ಸಿಗುತ್ತಿತ್ತು. ಅಂದ ಹಾಗೆ, ವ-ಕಾರಕ್ಕೆ ಅವರು ಆರಿಸಿಕೊಂಡಿದ್ದ ಯುರೋಪಿನ ಚಿಹ್ನೆ, ಅಡಿಗೆರೆಯ ಪುಟ್ಟ ಎ. ಸ್ಪ್ಯಾನಿಷಿನಲ್ಲಿ ಅಂಕಿಯ ಪಕ್ಕ ಬರೆದು ಸ್ತ್ರೀಲಿಂಗ ಎಂದು ತೋರಿಸುವ ಗುರುತು ಅದು. ಇದನ್ನು ಹೇಳಿದಾಗ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದರು.

ಯುನಿಕೋಡಿನಲ್ಲಿ ಮ ಅಂದರೆ ಮ. ಅದರ ಆಕಾರ ಏನಾದರೂ ಆಗಲಿ, ಅದಕ್ಕೊಂದು ಸಂಖ್ಯೆ. ಮೊಳೆ ಬೇರೆ, ಅಕ್ಷರ ಬೇರೆ. ಇಷ್ಟು ಸರಳವಾದದ್ದನ್ನು ನಾನು ಅಕ್ಕನಿಗೆ ಬಹಳ ಗತ್ತಿನಿಂದ ವಿವರಿಸಿದ್ದು ನೆನಪಿದೆ. ನಾನೇ ಅದನ್ನು ಅರೆಬರೆ ತಿಳಿದಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಬೈಟ್ ಅಂದರೆ 0ಯಿಂದ 255ರವರೆಗಿನ ಯಾವುದಾದರೂ ಒಂದು ಅಂಕಿಯನ್ನು ಹಿಡಿಸುವ ಡಬ್ಬಿ. ಆಗಿನ ಪೈಥಾನಿನಲ್ಲಿ ಸ್ಟ್ರಿಂಗ್ ಅಂದರೆ ಇಂಥ ಡಬ್ಬಿಗಳ ಸಾಲು. 2000ನೇ ಇಸವಿಯ ಅಕ್ಟೋಬರಿನಲ್ಲಿ ಬಂದ 2.0 ಆವೃತ್ತಿಯಲ್ಲಿ ಯುನಿಕೋಡ್ ಎಂಬ ಎರಡನೆಯ ಬಗೆಯ ಸ್ಟ್ರಿಂಗನ್ನು ಸೇರಿಸಿದರು. ಮಗಳು ಕೇಳಿದ ಯು ಅದೇ. ಕೋಟ್ ಮುಂದೆ ಯು ಇದ್ದರೆ ಅದು ಅಕ್ಷರಗಳ ಸಾಲು, ಇಲ್ಲದಿದ್ದರೆ ಡಬ್ಬಿಗಳ ಸಾಲು. ಎರಡನ್ನೂ ಕೂಡಿಸಲು ಹೋದರೆ ಪೈಥಾನ್ ತಾನೇ ಮಧ್ಯಸ್ಥಿಕೆ ವಹಿಸಿ, ಡಬ್ಬಿಗಳನ್ನು ಆಸ್ಕಿ ಎಂದು ಓದಿಕೊಂಡು ಕೂಡಿಸಿಬಿಡುತ್ತಿತ್ತು. ಆಸ್ಕಿಯಲ್ಲಿ ಇರುವುದು 128 ಮನೆ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಅಷ್ಟು ಸಾಕು.

ಆದ್ದರಿಂದ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳಿರುವ ತನಕ ಎಲ್ಲವೂ ಸುಸೂತ್ರ. ಮೊದಲ ಕನ್ನಡದ ಹೆಸರು ಬಂದ ಕೂಡಲೇ ಪ್ರೋಗ್ರಾಮು ಕವುಚಿ ಬೀಳುತ್ತಿತ್ತು. ಸೊನ್ನೆಯನೇ ಸ್ಥಾನದ ಬೈಟನ್ನು ಆಸ್ಕಿ ಓದಲಾರದು, ಅದು 128ರ ಒಳಗಿಲ್ಲ ಎಂಬ ಆ ದೂರಿನ ಸಾಲು ನನಗೆ ಇಂದಿಗೂ ಬಾಯಿಪಾಠ. ಬೈಟಿನ ಬೆಲೆ ಯಾವಾಗಲೂ ಒಂದೇ: 224. ಯು.ಟಿ.ಎಫ್.-8 ಎಂಬ ರೂಢಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟು. ಮೊದಲನೆಯದು 224, ಎರಡನೆಯದು 178 ಅಥವಾ 179, ಮೂರನೆಯದು ಮಾತ್ರ ಆಯಾ ಅಕ್ಷರದ್ದು. ತೆಲುಗು, ತಮಿಳು, ದೇವನಾಗರಿಯವರಿಗೂ ಮೊದಲ ಬೈಟು ಅದೇ 224. ಆ ಮಟ್ಟಿಗೆ ನಾವೆಲ್ಲ ಒಂದೇ ಬಾಗಿಲಲ್ಲಿ ಎಡವುತ್ತಿದ್ದೆವು. ಈ ಬೈಟುಗಳನ್ನು ಯಾವುದಾದರೂ ತಂತ್ರಾಂಶ ತಪ್ಪಾಗಿ ಪಶ್ಚಿಮ ಯುರೋಪಿನದು ಅಂದುಕೊಂಡರೆ 178 ವರ್ಗದ ಗುರುತಾಗಿ, 179 ಘನದ ಗುರುತಾಗಿ ಕಾಣುತ್ತದೆ. ಕೆಟ್ಟುಹೋದ ಕನ್ನಡದ ಪುಟವೆಂದರೆ ಮೇಷ್ಟರು ಅಳಿಸದೆ ಹೋದ ಬೀಜಗಣಿತದ ಬೋರ್ಡು.

ಇನ್ನೊಂದು ತಮಾಷೆ ಇತ್ತು. ಡಬ್ಬಿಗಳ ಸಾಲಿನ ಮೇಲೆ ಎನ್‌ಕೋಡ್ ಮಾಡು ಅಂದರೆ ಅದು ಡಿಕೋಡ್ ಮಾಡಲಾಗಲಿಲ್ಲ ಎಂದು ದೂರುತ್ತಿತ್ತು. ಎನ್‌ಕೋಡ್ ಮಾಡಲು ಮೊದಲು ಅಕ್ಷರ ಬೇಕಲ್ಲ, ಅದಕ್ಕೆ ನಮಗೆ ಹೇಳದೆ ಒಳಗೊಳಗೇ ಆಸ್ಕಿಯ ಮೊರೆ ಹೋಗುತ್ತಿತ್ತು. ಎಣ್ಣೆ ತಾ ಅಂದರೆ ಸೀಗೆಪುಡಿ ಸಿಗಲಿಲ್ಲ ಅನ್ನುವವರ ಹಾಗೆ. ರಾತ್ರಿ ಹನ್ನೊಂದಕ್ಕೆ ಈ ದೂರು ಕಂಡರೆ ಯಾರಿಗೆ ಬುದ್ಧಿ ಓಡುತ್ತದೆ? ಎನ್‌ಕೋಡ್ ಇದ್ದಲ್ಲಿ ಡಿಕೋಡ್, ಡಿಕೋಡ್ ಇದ್ದಲ್ಲಿ ಎನ್‌ಕೋಡ್ ಹಾಕುತ್ತ, ಓಡಿದರೆ ಓಡಲಿ ಎಂದು ಜೂಜಾಡುತ್ತಿದ್ದೆವು. ಆಸ್ಕಿಯ ಮೊರೆ ಹೋಗುವ ಆ ಅಭ್ಯಾಸವನ್ನೇ ಬದಲಾಯಿಸುವ ಒಂದು ಅಡ್ಡದಾರಿಯೂ ಇತ್ತು. ಪೈಥಾನ್ ಏಳುವಾಗಲೇ ಆ ಬಾಗಿಲಿಗೆ ಬೀಗ ಹಾಕುತ್ತಿತ್ತು. ಒಂದು ಭಾಗವನ್ನು ಮತ್ತೆ ಲೋಡ್ ಮಾಡಿದರೆ ಬೀಗ ತೆರೆದುಕೊಳ್ಳುತ್ತಿತ್ತು. ತಿಳಿದವರು ಬೇಡ ಅನ್ನುತ್ತಿದ್ದರು. ನಾನೂ ಮಾಡಿದೆ, ನನಗೆ ಗೊತ್ತಿದ್ದವರೆಲ್ಲರೂ ಮಾಡಿದರು.

ಇನ್ನು ಆ ರಾತ್ರಿಯ ಸಂಗತಿ.

ಸಂಘದ ಹಳೆಯ ದಾಖಲೆಯಲ್ಲಿ ಹೆಸರಿನ ಜಾಗಕ್ಕೆ 32 ಬೈಟು ಎಂದು ಗೊತ್ತುಮಾಡಿದ್ದರು. ನುಡಿಯ ಕಾಲದಲ್ಲಿ ಅದು ಧಾರಾಳವಾಯಿತು. ಯುನಿಕೋಡಿಗೆ ತಂದ ಮೇಲೂ ನಾನು ಆ ಅಳತೆಯನ್ನು ಹಾಗೇ ಉಳಿಸಿಕೊಂಡೆ. ಉದ್ದ ಹೆಚ್ಚಾದರೆ 32ಕ್ಕೆ ಕತ್ತರಿಸು ಎಂದು ಒಂದು ಸಾಲು ಬರೆದೆ. ಆ ಕಡೆಯ ಹೆಸರುಗಳು ಹೆಚ್ಚಾಗಿ ಕೆಂಪಮ್ಮ, ನಿಂಗೇಗೌಡ, ಎಲ್ಲ ಒಳಗೇ ಕೂರುತ್ತಿದ್ದವು. ಚೀಟಿ ಅಚ್ಚಿಗೆ ಕೊಡಬೇಕಾದ ಹಿಂದಿನ ರಾತ್ರಿ ಪ್ರೋಗ್ರಾಮು ಒಂದು ಹೆಸರಿನ ಮೇಲೆ ನಿಂತಿತು. 30 ಮತ್ತು 31ನೇ ಸ್ಥಾನದ ಬೈಟುಗಳನ್ನು ಓದಲಾಗುತ್ತಿಲ್ಲ, ಮಾಹಿತಿ ನಡುವೆಯೇ ಮುಗಿದಿದೆ ಎಂದಿತು. ಆ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಅದೇ ಅಳತೆಯ ಇನ್ನೊಂದು ಹೆಸರು ಇಟ್ಟುಕೊಳ್ಳುತ್ತೇನೆ: ವೆಂಕಟಸುಬ್ಬಮ್ಮ.

ಬಾಯಲ್ಲಿ ಹೇಳಿ ಎಣಿಸಿದರೆ ಆರು ಅಕ್ಷರ: ವೆಂ, ಕ, ಟ, ಸು, ಬ್ಬ, ಮ್ಮ. ಯುನಿಕೋಡಿನ ಲೆಕ್ಕದಲ್ಲಿ ಏತ್ವ, ಸೊನ್ನೆ, ಕೊಂಬು, ಎರಡು ಅರ್ಧಾಕ್ಷರ ಚಿಹ್ನೆ ಎಲ್ಲಕ್ಕೂ ಒಂದೊಂದು ಸ್ಥಾನ, ಒಟ್ಟು 13. ಬೈಟುಗಳಲ್ಲಿ 39. ಮೂವತ್ತೆರಡಕ್ಕೆ ಕತ್ತರಿಸಿದರೆ ಹತ್ತು ಸ್ಥಾನಗಳು ಇಡಿಯಾಗಿ ಉಳಿದು, ಹನ್ನೊಂದನೆಯದರ ಮೂರು ಬೈಟುಗಳಲ್ಲಿ ಎರಡು ನೇತಾಡುತ್ತವೆ. ಪೈಥಾನ್ ದೂರಿದ್ದು ಆ ಎರಡು ಬೈಟುಗಳ ಬಗ್ಗೆ. ಅದು ಸರಿಯಾಗಿಯೇ ದೂರಿತ್ತು. ಒಂದು ಗಂಟೆ ಕೂತು ನೋಡಿದ್ದರೆ ತಪ್ಪು ಎಲ್ಲಿದೆ ಎಂದು ಸಿಗುತ್ತಿತ್ತು. ಮಗಳಿಗೆ ಮೂರು ವರ್ಷ, ಜ್ವರ ಎಂದು ಮನೆಯಿಂದ ಎರಡು ಸಲ ಫೋನು ಬಂದಿತ್ತು. ನಾನು 'ಇಗ್ನೋರ್' ಎಂದು ಸೇರಿಸಿದೆ. ಓದಲಾಗದ ಬೈಟುಗಳನ್ನು ಸದ್ದಿಲ್ಲದೆ ಬಿಸಾಡು ಎಂದು ಅರ್ಥ. ಎಲ್ಲ ಓಡಿತು. ದೀಪ ಆರಿಸಿ ಮನೆಗೆ ಹೋದೆ.

ಎರಡು ನೇತಾಡುವ ಬೈಟು ಹೋದ ಮೇಲೆ ಏನು ಉಳಿಯಿತು ನೋಡಿ: ವೆಂಕಟಸುಬ್ಬ.

ಬೇರೆ ಉದ್ದನೆಯ ಹೆಸರುಗಳೂ ತುಂಡಾಗಿದ್ದವು. ಲಕ್ಷ್ಮೀನರಸಿಂಹಯ್ಯ ಎಂದಿರಬೇಕಾದದ್ದು ಲಕ್ಷ್ಮೀನರಸ ಆದರೆ ಯಾರಿಗಾದರೂ ಕಾಣುತ್ತದೆ. ಸಂಘದ ಗುಮಾಸ್ತರು ಜಾಗ ಸಾಲಲಿಲ್ಲವೇನೋ ಅಂದುಕೊಂಡು ಅಂಥವನ್ನೆಲ್ಲ ಪೆನ್ನಿನಲ್ಲಿ ಪೂರ್ತಿ ಮಾಡಿ ಹಂಚಿದರಂತೆ. ಆದರೆ ಈಕೆಯ ಹೆಸರು ತುಂಡಾಗಿಯೂ ಇಡೀ ಹೆಸರಾಗಿಯೇ ಉಳಿದಿತ್ತು; ಗಂಡಸಿನ ಹೆಸರು, ಅಷ್ಟೆ. ಸಾಲದ ಕಾಗದಕ್ಕೂ ಚೀಟಿಗೂ ತಾಳೆಯಾಗಲಿಲ್ಲ. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿಕೊಂಡು ಬಾ ಎಂದರು. ವಯಸ್ಸಾದ ಹೆಂಗಸು, ಬಸ್ಸು ಹತ್ತಿ ಎರಡು ಸಲ ತಾಲ್ಲೂಕಿಗೆ ಅಲೆದರು ಎಂದು ಆಮೇಲೆ ಫೋನಿನಲ್ಲಿ ಸಂಘದವರು ಬೇಸರದಿಂದ ಹೇಳಿದರು.

ಫೋನು ಇಟ್ಟ ಯಜಮಾನರು ಹೋಗಿ ನಿಂತದ್ದು ಅಕ್ಕನ ಮೇಜಿನ ಮುಂದೆ. "ಏನ್ರೀ, ಹೆಸರು ನೋಡ್ಕೊಂಡು ಹೊಡೀಬಾರ್ದಾ? ಕಣ್ಣು ಕಾಣ್ಸಲ್ವಾ ನಿಮ್ಗೆ?"

ಟೈಪಿಂಗ್ ತಪ್ಪು ಎಂದೇ ಎಲ್ಲರೂ ಅಂದುಕೊಂಡರು. ಹೆಸರು ತಪ್ಪಾದರೆ ಟೈಪು ಮಾಡಿದವರ ತಪ್ಪು, ಕಂಪ್ಯೂಟರ್ ತಪ್ಪು ಮಾಡುತ್ತದೆಯೇ? ಅಕ್ಕ ಏನೂ ಎದುರಾಡಲಿಲ್ಲ. ಕನ್ನಡಕ ಹಣೆಗೆ ಏರಿಸಿ, ತಮ್ಮ ಮೂಲ ಕಡತ ತೆರೆದು, ಆ ಹೆಸರಿನವರೆಗೆ ಇಳಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ಕುರ್ಚಿಯ ಪಕ್ಕ ಬಂದು, ಸಣ್ಣ ದನಿಯಲ್ಲಿ ಕೇಳಿದರು.

"ಮ್ಮ ಎಲ್ಲಿ ಹೋಯ್ತು ಕಣಪ್ಪ?"

ನನಗೆ ಆ ಕ್ಷಣದಲ್ಲೇ ಹೊಳೆಯಿತು, ಎಲ್ಲಿ ಹೋಯಿತು ಎಂದು. "ನೋಡ್ತೀನಿ ಅಕ್ಕ" ಅಂದೆ. ಸಂಜೆ ಹೆಸರಿನ ಜಾಗವನ್ನು 150 ಬೈಟಿಗೆ ಹಿಗ್ಗಿಸಿದೆ, ಇನ್ನೊಮ್ಮೆ ಪಟ್ಟಿ ತೆಗೆದು ಯಜಮಾನರಿಗೆ ಕೊಟ್ಟೆ, "ತಿದ್ದಿದ್ದೀನಿ ಸಾರ್" ಅಂದೆ. ಯಾರ ತಪ್ಪನ್ನು ತಿದ್ದಿದೆ ಎಂದು ಹೇಳಲಿಲ್ಲ. ಫೈನಲ್ 3 ಎಂದರೆ ಅದು. 'ಇಗ್ನೋರ್' ಪದವನ್ನು ತೆಗೆಯುವ ಧೈರ್ಯವೂ ಆಗಲಿಲ್ಲ. ತೆಗೆದರೆ ಇನ್ನೇನು ಹೊರಬೀಳುತ್ತದೋ ಎಂಬ ಭಯ. ಒಂದು ವರ್ಷದ ಮೇಲೆ ನಾನು ದೊಡ್ಡ ಕಂಪನಿಗೆ ಹೋದೆ. ಅಕ್ಕ ಆಮೇಲೆ ಎಷ್ಟು ದಿನ ಅಲ್ಲಿದ್ದರೋ. ಯಜಮಾನರ ಮಗನನ್ನು ಕೇಳಿದೆ; ಅವರಿಗೆ ಆಕೆಯ ನೆನಪೂ ಇರಲಿಲ್ಲ.

ಆ ವರ್ಷಗಳಲ್ಲಿ ನಾನು ಸಿಟ್ಟಾಗಿದ್ದದ್ದು ನನ್ನ ಮೇಲಲ್ಲ, ಪೈಥಾನ್ 3ರ ಮೇಲೆ. 2008ರ ಡಿಸೆಂಬರ್ 3ರಂದು ಅದು ಬಂದಿತ್ತು. ಪೈಥಾನಿನ ಕರ್ತೃ ಗೀಡೊ ವಾನ್ ರೋಸಮ್ ಮತ್ತು ಅವರ ಜೊತೆಯವರು ಹಳೆಯ ಪ್ರೋಗ್ರಾಮುಗಳು ಮುರಿದರೂ ಸರಿ ಎಂದು ತೀರ್ಮಾನಿಸಿ ಬುಡದಿಂದ ಬದಲಾಯಿಸಿದ್ದರು. ಸ್ಟ್ರಿಂಗ್ ಅಂದರೆ ಇನ್ನು ಮೇಲೆ ಅಕ್ಷರಗಳ ಸಾಲು. ಬೈಟುಗಳದ್ದು ಬೇರೆ ಬಗೆ. ಎರಡನ್ನೂ ಕೂಡಿಸಲು ಹೋದರೆ ಮಧ್ಯಸ್ಥಿಕೆ ಇಲ್ಲ, ಮುಖದ ಮೇಲೆ ಹೊಡೆದಂತೆ "ಆಗುವುದಿಲ್ಲ" ಎಂಬ ಉತ್ತರ. ಕೋಟ್ ಮುಂದಿನ ಯು ಕೂಡ ನಿಷಿದ್ಧವಾಯಿತು. "ಓಡ್ತಿರೋ ಗಾಡಿಗೆ ಯಾಕಪ್ಪಾ ಬೇರೆ ಎಂಜಿನ್ನು?" ಎಂದು ನಮ್ಮ ಯಜಮಾನರು ಅಂದದ್ದನ್ನೇ ಹೊಸ ಕಂಪನಿಯ ಮೀಟಿಂಗುಗಳಲ್ಲಿ ನಾನು ಇಂಗ್ಲಿಷಿನಲ್ಲಿ ಅನ್ನುತ್ತಿದ್ದೆ. ನಾನೊಬ್ಬನೇ ಅಲ್ಲ. ಜಗತ್ತೆಲ್ಲ ಹಾಗೇ ಅಂದದ್ದರಿಂದ 2012ರಲ್ಲಿ ಬಂದ 3.3ರಲ್ಲಿ ಯು ಮರಳಿತು, ಏನೂ ಕೆಲಸ ಮಾಡದ ಅಲಂಕಾರವಾಗಿ. ಎರಡೂ ಆವೃತ್ತಿಗಳಲ್ಲಿ ಓಡುವಂತೆ ಬರೆಯುವವರಿಗೆ ಅನುಕೂಲವಾಗಲಿ ಎಂದು. ಮಗಳು ಇಟ್ಟರೂ ಓಡುತ್ತೆ ಅಂದದ್ದು ಅದಕ್ಕೇ. 2015ಕ್ಕೆ ಮುಗಿಯಬೇಕಿದ್ದ 2.7ರ ಆಯುಸ್ಸನ್ನು 2020ರ ಜನವರಿ 1ರವರೆಗೆ ಹಿಗ್ಗಿಸಿದರು. ಆ ಹೆಚ್ಚಿನ ಐದು ವರ್ಷವನ್ನು ಕಡೆಯ ದಿನದವರೆಗೂ ಬಳಸಿಕೊಂಡವರಲ್ಲಿ ನಾನೂ ಒಬ್ಬ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಹಳೆಯ ಪೈಥಾನಿನ ಆ ಮಧ್ಯಸ್ಥಿಕೆಯನ್ನು ನಾನು ಸೌಜನ್ಯ ಅಂದುಕೊಂಡಿದ್ದೆ. ಯಾರಿಗೆ ಸೌಜನ್ಯ? ಇಂಗ್ಲಿಷಿನಲ್ಲಿ ಬರೆಯುವವನು ಬೈಟಿಗೂ ಅಕ್ಷರಕ್ಕೂ ಇರುವ ಅಂತರವನ್ನು ಒಂದು ದಿನವೂ ಯೋಚಿಸದೆ ಬದುಕಬಹುದಿತ್ತು, ಏಕೆಂದರೆ ಅವನಿಗೆ ಎರಡೂ ಒಂದೇ. ಅವನು ಬರೆದ ತಂತ್ರಾಂಶ ಅವನ ಮೇಜಿನ ಮೇಲೆ ಒಂದು ಸಲವೂ ಬೀಳುತ್ತಿರಲಿಲ್ಲ, ಬೀಳುತ್ತಿದ್ದದ್ದು ಚಾಮರಾಜಪೇಟೆಯಲ್ಲಿ. ಪೈಥಾನ್ 3 ಮಾಡಿದ್ದು ಇಷ್ಟೇ: ಅದೇ ತಪ್ಪು ಅವನ ಮೇಜಿನ ಮೇಲೂ ಮೊದಲ ದಿನವೇ ಬೀಳುವಂತೆ ಮಾಡಿತು. ಅದನ್ನು ಕಂಡು ಅವನು ರೇಗಿದ್ದು ಸಹಜ. ಅವನ ಪರವಾಗಿ ನಾನೂ ರೇಗಿದ್ದೆನಲ್ಲ, ಅದು ನನಗೆ ಈಗ ವಿಚಿತ್ರವಾಗಿ ಕಾಣುತ್ತದೆ. ಕನ್ನಡದವನಾಗಿ ನಾನು ಚಪ್ಪಾಳೆ ತಟ್ಟಬೇಕಿತ್ತು.

ಹಾಗಂತ ಹೊಸದಕ್ಕೆ ಕನ್ನಡ ಪೂರ್ತಿ ಬರುತ್ತದೆ ಅಂತಲ್ಲ. ಮಂಡ್ಯ ಎಂದು ಬರೆದು ಹಿಂದುಮುಂದಾಗಿಸು ಅಂದರೆ ಪೈಥಾನ್ 3 ಈಗಲೂ ಯಕಾರದಿಂದ ಶುರುಮಾಡಿ, ಅರ್ಧಾಕ್ಷರ ಚಿಹ್ನೆಯನ್ನು ತಪ್ಪು ಕಡೆಗೆ ಅಂಟಿಸಿ, ಯಾರೂ ಉಚ್ಚರಿಸಲಾರದ ಒಂದು ಊರನ್ನು ಹುಟ್ಟಿಸುತ್ತದೆ. ವೆಂಕಟಸುಬ್ಬಮ್ಮನ ಉದ್ದ ಎಷ್ಟು ಎಂದರೆ 13 ಅನ್ನುತ್ತದೆ, ಆರು ಅನ್ನುವುದಿಲ್ಲ. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಜ-ಕ ಕೂಡದಿರಲಿ ಎಂದು ನಾವು ಇಡುವ ಕಣ್ಣಿಗೆ ಕಾಣದ ಗುರುತು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಇಬ್ಬರು ಬೇರೆ ಬೇರೆ ಮನುಷ್ಯರು ಎಂದೇ ತೀರ್ಪು ಕೊಡುತ್ತದೆ.

ಯುನಿಕೋಡ್ ಕೂಡ ತಪ್ಪು ಮಾಡಿಯೇ ಇದೆ, ಅದೂ ಹೆಸರಿನಲ್ಲೇ. ಹಳಗನ್ನಡದ ೞ ಅಕ್ಷರವನ್ನು ಪಟ್ಟಿಗೆ ಸೇರಿಸುವಾಗ ಅದನ್ನು 'ಕನ್ನಡ ಲೆಟರ್ ಎಫ್‌ಎ' ಎಂದು ದಾಖಲಿಸಿಬಿಟ್ಟರು. ೞ ಎಲ್ಲಿ, ಫ ಎಲ್ಲಿ? ಆದರೆ ಒಮ್ಮೆ ಕೊಟ್ಟ ಹೆಸರನ್ನು ಯಾವ ಕಾರಣಕ್ಕೂ ಬದಲಾಯಿಸಬಾರದು ಎಂಬುದು ಅವರ ನಿಯಮ. ಅದನ್ನು ನೆಚ್ಚಿ ಬರೆದ ತಂತ್ರಾಂಶಗಳು ಕೆಡುತ್ತವೆ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಉಳಿಸಿ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿದ್ದಾರೆ. ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಎಫ್‌ಎ ಉರುಫ್ ೞ. ಮಗಳಿಗೆ ಇದನ್ನು ಓಡಿಸಿ ತೋರಿಸಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಛಾಪಾ ಕಾಗದ ನೆನಪಾಯಿತು.

ಅಷ್ಟರಲ್ಲಿ ಅವಳು ನನ್ನ ಪ್ರೋಗ್ರಾಮನ್ನು ಇಡೀ ತಿದ್ದಿದ್ದಳು. ಹೊಸ ಪೈಥಾನಿನಲ್ಲಿ ಸ್ಟ್ರಿಂಗಿಗೆ ಡಿಕೋಡ್ ಎಂಬುದೇ ಇಲ್ಲ. ಆ ಸಾಲು ತಾನಾಗಿಯೇ ಬಿದ್ದುಹೋಯಿತು, ಅದರೊಂದಿಗೆ 'ಇಗ್ನೋರ್' ಕೂಡ. ಆ ಹೆಸರನ್ನು ಕೊಟ್ಟು, ಜಾಗವನ್ನು ಮತ್ತೆ 32 ಮಾಡಿ ನೋಡು ಅಂದೆ. ಹದಿಮೂರು ಸ್ಥಾನದ ಹೆಸರು ಮೂವತ್ತೆರಡರೊಳಗೆ ಕಾಲು ಚಾಚಿ ಮಲಗಿತು.

"ಸರಿಯಾಗೇ ಬರ್ತಿದೆಯಲ್ಲಪ್ಪಾ, ತಪ್ಪೆಲ್ಲಿದೆ?"

ತಪ್ಪನ್ನು ತೋರಿಸಬೇಕಾದರೆ ಅದನ್ನು ಮತ್ತೆ ಕೈಯಾರೆ ಮಾಡಬೇಕು. ಹೆಸರನ್ನು ಬೈಟುಗಳಾಗಿ ಒಡೆದೆ, 32ಕ್ಕೆ ಕತ್ತರಿಸಿದೆ, 'ಇಗ್ನೋರ್' ಬರೆದು ಅಕ್ಷರಕ್ಕೆ ಮರಳಿಸಿದೆ. ಪರದೆಯ ಮೇಲೆ ಗಂಡಸು ಬಂದು ನಿಂತ. ಮಗಳಿಗೆ ಎಲ್ಲ ಹೇಳಿದೆ. ಯಜಮಾನರು ಅಕ್ಕನನ್ನು ಬೈದದ್ದು, ನಾನು ಬಾಯಿ ಬಿಡದೆ ಕೂತದ್ದು ಕೂಡ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಫೈಲು ಇದ್ರಲ್ಲಿದೆಯಾ?" ಎಂದು ಕೇಳಿದಳು.

ಇತ್ತು. ಅಕ್ಕ ಟೈಪು ಮಾಡಿದ್ದ ಮೂಲ ಪಟ್ಟಿ. ಫಾಂಟು ಈಗ ನನ್ನ ಕಂಪ್ಯೂಟರಿನಲ್ಲಿಲ್ಲ. ತೆರೆದರೆ ಬರೀ ಗೆರೆ ಚುಕ್ಕಿ. ಆ ಸಾಲನ್ನು ಹುಡುಕಿ, ಕನ್ನಡಕ ಹಣೆಗೆ ಏರಿಸಿ, ಬೆರಳಿಟ್ಟು ಒಂದೊಂದಾಗಿ ಓದಿದೆ. ವ-ಗೆ ಏತ್ವ, ಸೊನ್ನೆ. ಪಿ, ಅದಕ್ಕೆ ತಲೆಕಟ್ಟು, ಕ. ಆಮೇಲೆ ಟ. ಸು. ಬ, ಅದರಡಿಗೆ ಒತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಕೊನೆಯಲ್ಲಿ ನಾಲ್ಕು ಗುರುತುಗಳಿದ್ದವು, ನಾಲ್ಕೂ ಎ-ಗಳೇ. ಅಡಿಗೆರೆಯ ಪುಟ್ಟ ಎ, ಓರೆಗೆರೆಯ ದೊಡ್ಡ ಎ, ಎರಡು ಚುಕ್ಕಿ ಹೊತ್ತ ದೊಡ್ಡ ಎ, ಎರಡು ಚುಕ್ಕಿಯ ಚಿಕ್ಕ ಎ. ವ, ತಲೆಕಟ್ಟು, ಕೊಂಬು, ಮಾವೊತ್ತು.

"ಮ್ಮ" ಅಂದಳು ಮಗಳು, ನನಗಿಂತ ಮೊದಲೇ.